ಲಾಳಿ ಎಳೆದ ಹಗ್ಗ

ಕೊರೊನಾ ಕಳೆದ ಎರಡನೆಯ ವರ್ಷ ಅದು. ಪೊಲೀಸ್ ಶ್ವಾನದಳದಲ್ಲಿ ಇಪ್ಪತ್ತಾರು ವರ್ಷ ಹ್ಯಾಂಡ್ಲರ್ ಆಗಿದ್ದು ನಿವೃತ್ತನಾದ ನಾನು ಆಗ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಬಾಡಿಗೆ ಮನೆ ಹಿಡಿದು, ಮನೆಮನೆಗೆ ಹೋಗಿ ಸಾಕುನಾಯಿಗಳಿಗೆ ಶಿಸ್ತು ಕಲಿಸುತ್ತಿದ್ದೆ. ಹ್ಯಾಂಡ್ಲರ್ ಎಂದರೆ ಒಂದು ನಾಯಿಯ ಹಗ್ಗ ಹಿಡಿದವನು. ಅದರ ಊಟ, ಸ್ನಾನ, ಔಷಧಿ, ಡ್ಯೂಟಿ ಎಲ್ಲ ಅವನದೇ. ಕರ್ನಾಟಕದಲ್ಲಿದ್ದಷ್ಟು ಕಾಲ ನನ್ನ ಕೈಯಲ್ಲಿ ಮೂರು ನಾಯಿಗಳು ದುಡಿದವು. ಮೂರೂ ನನಗಿಂತ ಮೊದಲೇ ನಿವೃತ್ತಿ ಪಡೆದು ಹೊರಟುಹೋದವು.

ಕೊಯಮತ್ತೂರಿಗೆ ಬಂದದ್ದು ಹೆಂಡತಿ ಸರೋಜಳಿಗಾಗಿ. ಅವಳು ಬ್ಯಾಂಕಿನವಳು, ವರ್ಗವಾಗಿ ಅಲ್ಲಿದ್ದಳು. ನಾವಿಬ್ಬರೂ ಒಂದೇ ಊರಿನಲ್ಲಿ ಒಂದೇ ಮನೆಯಲ್ಲಿ ನೆಟ್ಟಗೆ ಸಂಸಾರ ಮಾಡಿದ್ದು ನಾನು ನಿವೃತ್ತನಾದ ಮೇಲಿನ ಹನ್ನೊಂದು ತಿಂಗಳು ಮಾತ್ರ. ಹನ್ನೆರಡನೆಯ ತಿಂಗಳು ಅವಳ ಹೃದಯ ನಿಂತಿತು. ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಏಕೆಂದು ಕೇಳಿದವರಿಗೆ ಇಲ್ಲಿಯ ನೀರು ಚೆನ್ನಾಗಿದೆ ಎಂದು ಹೇಳುತ್ತಿದ್ದೆ. ಸರೋಜ ಹೋದ ಮೇಲೆ ಆ ಮನೆಯಲ್ಲಿ ಕನ್ನಡ ಆಡುವ ಪ್ರಸಂಗವೇ ಬರಲಿಲ್ಲ. ತರಕಾರಿಯವಳೊಡನೆ ತಮಿಳು, ಗಿರಾಕಿಗಳೊಡನೆ ತಮಿಳು ಅಥವಾ ಮುರುಕು ಇಂಗ್ಲಿಷ್. ಹಬ್ಬಕ್ಕೊಮ್ಮೆ ತಮ್ಮ ಫೋನ್ ಮಾಡಿದಾಗ ಎರಡು ನಿಮಿಷ ಕನ್ನಡ.

ನಾಯಿ ಸಾಕಿದವರ ದೂರುಗಳಲ್ಲಿ ಮುಕ್ಕಾಲು ಪಾಲು ಒಂದೇ: ಹಗ್ಗ ಹಾಕಿ ಹೊರಗೆ ಕರೆದೊಯ್ದರೆ ನಾಯಿ ಎಳೆದುಕೊಂಡು ಹೋಗುತ್ತದೆ. ‘ಸಾರ್, ನಾನು ಅದನ್ನು ವಾಕಿಂಗ್ ಕರ್ಕೊಂಡು ಹೋಗ್ತಿಲ್ಲ, ಅದು ನನ್ನನ್ನು ಕರ್ಕೊಂಡು ಹೋಗ್ತಿದೆ’ ಎಂಬ ಜೋಕನ್ನು ಪ್ರತಿಯೊಬ್ಬ ಗಿರಾಕಿಯೂ ತಾನೇ ಕಂಡುಹಿಡಿದವನಂತೆ ಹೇಳಿ ನಗುತ್ತಾನೆ. ನಾನೂ ಪ್ರತಿಸಲ ನಗುತ್ತೇನೆ, ಅದೂ ಕೆಲಸದ ಭಾಗವೇ. ಮೊಬೈಲಿನಲ್ಲಿ ವಿಡಿಯೋ ನೋಡಿ ಮುಳ್ಳಿನ ಪಟ್ಟಿ, ಕತ್ತು ಬಿಗಿಯುವ ಸರಪಳಿ ತಂದಿಟ್ಟುಕೊಂಡವರನ್ನು ಕಂಡರೆ ಮಾತ್ರ ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಆ ವರ್ಷ ಆಡಿ ತಿಂಗಳು, ಅಂದರೆ ತಮಿಳರ ಆಷಾಢ, ಹುಟ್ಟಿದ ದಿನ ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದ ಒಂದು ಮೆಸೇಜ್ ಬಂತು. ಹೆಸರು ಸೌಡೇಶ್ವರಿ, ಊರು ಪೆರಿಯನಾಯಕನಪಾಳ್ಯಂ, ನಾಯಿಯ ಹೆಸರು ಲಾಲಿ, ತುಂಬಾ ಎಳೆಯುತ್ತದೆ, ದಯವಿಟ್ಟು ಬನ್ನಿ. ಲಾಲಿ ಎಂದರೆ ಹೆಣ್ಣುನಾಯಿ, ಮನೆಯಲ್ಲಿ ಕೂಸಿದೆ, ಕೂಸನ್ನು ಬೀಳಿಸಿರಬೇಕು ಎಂದು ನಾನೇ ಒಂದು ಕತೆ ಕಟ್ಟಿಕೊಂಡು ಮೂರನೆಯ ದಿನ ಬೆಳಗಿನ ಬಸ್ಸು ಹತ್ತಿದೆ. ಜೇಬಿನಲ್ಲಿ ಬೇಯಿಸಿದ ಕೋಳಿಯ ಲಿವರ್ ಚೂರುಗಳು. ಅದು ನಮ್ಮ ಬಹುಮಾನದ ಬೊಕ್ಕಸ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಸೀಟು ಬದಲಿಸುತ್ತಾರೆ.

ಕೂಸೂ ಇರಲಿಲ್ಲ, ಹೆಣ್ಣುನಾಯಿಯೂ ಅಲ್ಲ. ಮೆಟ್ಟುಪಾಳ್ಯಂ ರಸ್ತೆಯಿಂದ ಒಳಗೆ ಒಂದು ಓಣಿ, ಓಣಿಯಲ್ಲಿ ಸಾಲಾಗಿ ಎಂಟು ಬಾಡಿಗೆ ಮನೆಗಳು. ಏಳನೆಯದರಲ್ಲಿ ಐವತ್ತೊಂದು ವರ್ಷದ ಅವಿವಾಹಿತ ಹೆಂಗಸು ಒಬ್ಬರೇ, ಅವರ ಜೊತೆಗೆ ರಾಜಪಾಳಯಂ ತಳಿಗೂ ಬೀದಿನಾಯಿಗೂ ಹುಟ್ಟಿದ ಬಿಳಿಯ ಗಂಡುನಾಯಿ. ವಯಸ್ಸು ಎರಡೂವರೆ, ತೂಕ ಇಪ್ಪತ್ತೊಂಬತ್ತು ಕೆಜಿ. ಸೌಡೇಶ್ವರಿಯವರ ತೂಕ ನಲವತ್ತೈದು ದಾಟಿರಲಾರದು. ಬಾಗಿಲು ತೆರೆದ ಕೂಡಲೇ ಅದು ನನ್ನ ಜೇಬಿಗೆ ಮೂಗು ಹಾಕಿತು. ಅವರು ಅದರ ಹಗ್ಗ ಹಿಡಿದು ಹಿಂದಕ್ಕೆ ವಾಲಿ ನಿಂತು ತಮಿಳಿನಲ್ಲಿ ಕ್ಷಮೆ ಕೇಳಿದರು.

ಪಕ್ಕದ ದೊಡ್ಡ ಮನೆಯಲ್ಲಿ ಮಾಲೀಕ ಪೊನ್ನುಸ್ವಾಮಿಯ ವಾಸ, ಜೊತೆಗೆ ಅವರ ಅಕ್ಕ ಮರಗದಂ. ಹಿಂದಿನ ತಿಂಗಳು ನಾಯಿ ಬೆಕ್ಕೊಂದನ್ನು ಕಂಡು ನುಗ್ಗಿದಾಗ ಹಗ್ಗ ಮರಗದಂ ಅವರ ಕಾಲಿಗೆ ಸುತ್ತಿಕೊಂಡು, ಅವರು ಮೆಟ್ಟಿಲ ಮೇಲೆ ಬಿದ್ದು ಮೊಣಕಾಲು ಊದಿಸಿಕೊಂಡಿದ್ದರು. ಪೊನ್ನುಸ್ವಾಮಿ ಕೆಟ್ಟವರಲ್ಲ. ಕೊಯಮತ್ತೂರಿನವರ ರೂಢಿಯಂತೆ ಸಿಟ್ಟಿನಲ್ಲೂ ಬಹುವಚನ ಬಿಡದೆ ಸೌಡೇಶ್ವರಿಯವರಿಗೆ ಹೇಳಿದ್ದರು: “ಆಡಿ ಮುಡಿಯಟ್ಟುಂಗ. ಅಪ್ಪುರಂ ನಾಯಾ, ವೀಡಾ, ನೀಂಗಳೇ ಸೊಲ್ಲುಂಗ.” ಆಡಿ ಮುಗಿಯಲಿ, ಆಮೇಲೆ ನಾಯಿಯೋ ಮನೆಯೋ ನೀವೇ ಹೇಳಿ, ಎಂದರ್ಥ. ಆಡಿ ತಿಂಗಳಲ್ಲಿ ಅಲ್ಲಿ ಯಾರೂ ಮನೆ ಬದಲಿಸುವುದಿಲ್ಲ, ಬಿಡಿಸುವುದೂ ಇಲ್ಲ. ಆ ಒಂದು ಪದ್ಧತಿಯಿಂದ ಅವರಿಗೆ ಒಂದು ತಿಂಗಳು ಸಿಕ್ಕಿತ್ತು. ಎಳೆಯುವುದು ನಿಲ್ಲದಿದ್ದರೆ ನಾಯಿಯನ್ನು ವೆಳ್ಳಕೋಯಿಲ್‌ನಲ್ಲಿರುವ ಸೌಡೇಶ್ವರಿಯವರ ತಮ್ಮ ಕರೆದೊಯ್ದು ತನ್ನ ಗೋದಾಮಿನ ಬಾಗಿಲಿಗೆ ಸರಪಳಿಯಲ್ಲಿ ಕಟ್ಟುವುದೆಂದು ಆಗಲೇ ಮಾತಾಗಿತ್ತು.

ಒಂದು ತಿಂಗಳು ನನಗೆ ಧಾರಾಳವಾಯಿತು ಎಂದುಕೊಂಡೆ. ದಿನ ಬಿಟ್ಟು ದಿನ, ಬೆಳಿಗ್ಗೆ ಆರರಿಂದ ಏಳು, ಅವರು ಕೆಲಸಕ್ಕೆ ಹೋಗುವ ಮೊದಲು ಪಾಠ.

ಪಾಠ ಎಂದರೇನೆಂದು ಸ್ವಲ್ಪ ವಿವರಿಸಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ಲೂಸ್ ಲೀಶ್ ವಾಕಿಂಗ್ ಎನ್ನುತ್ತೇವೆ. ಆರು ಅಡಿಯ ಹಗ್ಗ, ನಡುವೆ ಸದಾ ಜೋತುಬಿದ್ದ ಒಂದು ಬಾಗು. ಹಗ್ಗ ಬಿಗಿಯಾದ ಕ್ಷಣ ನಾವು ಮರದಂತೆ ನಿಂತುಬಿಡಬೇಕು. ಬಾಗು ಮರಳಿದ ಕ್ಷಣ ಎಡಮೊಣಕಾಲಿನ ಪಕ್ಕ ಒಂದು ಲಿವರ್ ಚೂರು ಕೊಟ್ಟು ಮತ್ತೆ ಹೆಜ್ಜೆ ಇಡಬೇಕು. ಬಿಗಿದರೆ ಲೋಕ ನಿಲ್ಲುತ್ತದೆ, ಸಡಿಲವಾದರೆ ಲೋಕ ನಡೆಯುತ್ತದೆ, ಇಷ್ಟನ್ನು ನಾಯಿಗೆ ತಿಳಿಸುವುದು. ಹಿಂದಕ್ಕೆ ಜಗ್ಗಬಾರದು. ಜಗ್ಗಿದರೆ ಅಪೊಸಿಷನ್ ರಿಫ್ಲೆಕ್ಸ್ ಎಂಬುದು ಏಳುತ್ತದೆ. ತುಂಬಿದ ಬಸ್ಸಿನಲ್ಲಿ ಹಿಂದಿನವರು ನೂಕಿದರೆ ನಮಗೆ ತಿಳಿಯದೆಯೇ ನಾವು ಹಿಂದಕ್ಕೇ ಒರಗುತ್ತೇವಲ್ಲ, ಅದೇ. ಎಳೆದಷ್ಟೂ ನಾಯಿ ಎದುರು ಎಳೆಯುತ್ತದೆ, ಹಟಕ್ಕಲ್ಲ, ಅದರ ಮೈ ಇರುವುದೇ ಹಾಗೆ.

ನಾಲ್ಕನೆಯ ಪಾಠದ ಹೊತ್ತಿಗೆ ಆ ನಾಯಿ ನನ್ನ ಜೊತೆ ಓಣಿಯ ಉದ್ದಕ್ಕೂ ಮದುವೆ ಗಂಡಿನಂತೆ ನಡೆಯಿತು. ಹಗ್ಗವನ್ನು ಸೌಡೇಶ್ವರಿಯವರ ಕೈಗೆ ಕೊಟ್ಟೆ. ಹತ್ತು ಹೆಜ್ಜೆಯಲ್ಲಿ ಹಗ್ಗ ತಂತಿಯಾಯಿತು, ಅವರ ಚಪ್ಪಲಿ ಮಣ್ಣಿನಲ್ಲಿ ಗೀರು ಎಳೆಯಿತು. ಐದನೆಯ ಪಾಠ, ಅದೇ ಕತೆ. ನನ್ನ ಕೈಯಲ್ಲಿ ಸಾಧು, ಅವರ ಕೈಯಲ್ಲಿ ಗೂಳಿ.

ಆರನೆಯ ಪಾಠದ ದಿನ ನನ್ನ ಪೊಲೀಸ್ ಬುದ್ಧಿ ಹೊರಗೆ ಬಂತು. “ನಾಯಿ ಕಲಿತಾಯ್ತು. ಇನ್ನು ನೀವು ಕಲೀಬೇಕು. ಕೈ ಸಡಿಲ ಬಿಡಿ ಅಂತ ಎಷ್ಟು ಸಲ ಹೇಳಲಿ?” ಎಂದು ತಮಿಳಿನಲ್ಲಿ ಗದರಿದೆ. ಓಣಿಯ ಬಾಗಿಲುಗಳಲ್ಲಿ ಎರಡು ಮೂರು ತಲೆಗಳು ಕಾಣಿಸಿಕೊಂಡವು. ಸೌಡೇಶ್ವರಿ ಮುಖ ಆ ಕಡೆ ತಿರುಗಿಸಿ, ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ನನಗೆ ವಾಪಸ್ ಬರುವಾಗ ನಾಚಿಕೆಯಾಯಿತು. ಹದಿಮೂರು ದಿನ ಕಳೆದಿತ್ತು, ಒಂದು ಗೇಣಿನಷ್ಟೂ ಮುಂದೆ ಹೋಗಿರಲಿಲ್ಲ.

ಏಳನೆಯ ಪಾಠದ ದಿನ ಗಾಳಿ ಜೋರಾಗಿತ್ತು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಆಡಿಯ ಗಾಳಿಗೆ ಆ ಕಡೆಯಲ್ಲಿ ಒಗೆದ ಬಟ್ಟೆ ಹಗ್ಗದ ಮೇಲೆ ನಿಲ್ಲುವುದಿಲ್ಲ. ಓಣಿಯ ತಿರುವಿನಲ್ಲಿ ನಾಯಿ ಕುಂಯ್ ಎಂದು ಕಾಲೆತ್ತಿತು. ಸೌಡೇಶ್ವರಿ ಅಲ್ಲೇ ಮಣ್ಣಿನಲ್ಲಿ ಕೂತು ಅದರ ಪಾದ ತೊಡೆಯ ಮೇಲಿಟ್ಟುಕೊಂಡರು. ನಾನು ಹಿಂದಿದ್ದುದನ್ನು ಮರೆತಿದ್ದರು.

“ಏನಾತು ಕಣ್ಣು? ಮುಳ್ಳು ಓತಾ? ಇರು, ಇರು, ಎತ್ತೀನಿ. ಅವ್ವ ಇದ್ದಿದ್ರೆ ಸೂಜಿ ತರ್ತಿದ್ಲು. ಆತು, ಆತು, ಬಂದ್ಬುಡ್ತು ನೋಡು.”

ನಾನು ನಿಂತಲ್ಲೇ ನಿಂತೆ. ಬೀದಿಯಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು. ಸೌಡೇಶ್ವರಿ ಎಂದರೆ ನಮ್ಮ ಚೌಡೇಶ್ವರಿಯೇ ಎಂದು ಮೊದಲ ದಿನವೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ.

“ನೀವು ಕನ್ನಡದವರಾ?” ಎಂದೆ, ಕನ್ನಡದಲ್ಲಿ.

ಅವರು ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಎದ್ದು ನಿಂತರು. “ಅಯ್ಯೋ, ನಮ್ದು ಸುಮ್ಕೆ ಮನೆ ಬಾಸೆ ಸಾರ್. ನಿಮ್ಮಂಗೆ ಸುದ್ದ ಇಲ್ಲ. ಎಳ್ತು ತೆರಿಯಾದಿಲ್ಲ. ನೀವು ಆ ಕಡೆಯೋರು ಅಂತ ಫೋನ್ ನಂಬರ್ ಕೊಟ್ಟೋರು ಏಳಿದ್ರು. ನೆಗಾಡ್ತೀರಿ ಅಂತ ಪೇಸ್ಲಿಲ್ಲ.”

‘ಕಣ್ಣು’ ಅಂದರೆ ಮುದ್ದು, ‘ಎಳ್ತು’ ಅಂದರೆ ಅಕ್ಷರ, ‘ತೆರಿಯಾದಿಲ್ಲ’ ಅಂದರೆ ಗೊತ್ತಿಲ್ಲ, ‘ಪೇಸು’ ಅಂದರೆ ಮಾತಾಡು. ಅರ್ಧ ತಮಿಳು, ಅರ್ಧ ನೂರಾರು ವರ್ಷದ ಹಿಂದೆ ಮಗ್ಗದ ಜೊತೆ ಈ ಕಡೆ ಬಂದ ಕನ್ನಡ. ನಕ್ಕೆನೋ ಇಲ್ಲವೋ ನೆನಪಿಲ್ಲ. ಇನ್ನೊಂದು ಸಲ ಹೇಳಿ ಎಂದು ಕೇಳಿದ್ದು ನೆನಪಿದೆ.

ನಾಯಿಯ ಹೆಸರು ಲಾಲಿ ಅಲ್ಲ, ಲಾಳಿ ಎಂದೂ ಆಗಲೇ ತಿಳಿಯಿತು. ಮಗ್ಗದಲ್ಲಿ ನೂಲನ್ನು ಹೊತ್ತು ಆ ಕಡೆ ಈ ಕಡೆ ಓಡುವ ಲಾಳಿ. ಮರಿಯಾಗಿದ್ದಾಗ ಒಂದೇ ಕೋಣೆಯ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಓಡುತ್ತಿದ್ದುದನ್ನು ಕಂಡು ಅವರ ತಾಯಿ ಇಟ್ಟ ಹೆಸರು. ತಾಯಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. “ತಮ್ಮನ ಮನೇಲಿ ಎಲ್ಲಾ ತಮಿಳೇ ಸಾರ್. ಅವನೂ ಮರ್ತ್ಬುಟ್ಟ. ಅವ್ವ ಓದ್ಮೇಲೆ ಈ ಬಾಸೆ ಕೇಳಾಕೆ ಇದೊಂದೇ ಇರಾದು. ಇದನ್ನೂ ಕಳ್ಸಿಬುಟ್ರೆ ನಾನು ಯಾರ ಕೂಡ ಪೇಸ್ಲಿ?” ಎಂದರು.

ಇಷ್ಟು ವರ್ಷದಲ್ಲಿ ನಾಯಿ ಬೇಕೆನ್ನಲು ಜನ ಕೊಡುವ ಕಾರಣಗಳನ್ನು ಬೇಕಾದಷ್ಟು ಕೇಳಿದ್ದೇನೆ. ಕಾವಲು, ಶೋಕಿ, ಮಕ್ಕಳ ಹಟ, ಡಾಕ್ಟರ ಸಲಹೆ. ಮಾತೃಭಾಷೆ ಆಡಲು ನಾಯಿ ಎಂಬುದನ್ನು ಕೇಳಿದ್ದು ಅದೊಂದೇ ಸಲ. ಮನೆಗೆ ಬಂದು ಸರೋಜಳ ಕುರ್ಚಿಯ ಎದುರು ಕೂತು ಊಟ ಮಾಡುವಾಗ, ನನಗೆ ಅಂಥದೊಂದು ಕೇಳುವ ಕಿವಿಯೂ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಟ್ಟೆ. ನಿಜವಾಗಿಯೂ ಪಟ್ಟೆ, ಒಂದು ನಾಯಿ ಸಾಕಿದ ಹೆಂಗಸಿನ ಮೇಲೆ.

ಸಮಸ್ಯೆ ಹಾಗೇ ಇತ್ತು. ಅದೇ ಬೆಳಿಗ್ಗೆ, ಹೊರಡುವ ಮೊದಲು, ಕನ್ನಡದಲ್ಲಿ “ಸಡಿಲ ಬಿಡಿ” ಎಂದಿದ್ದೆ. ಸಡಿಲ ಎಂಬ ಮಾತು ಅವರ ಮನೆಯ ಕನ್ನಡದಲ್ಲಿ ಇರಲಿಲ್ಲ. ಹಗ್ಗದ ಜೋತುಬಿದ್ದ ಬಾಗನ್ನು ತೋರಿಸಿ, “ಇದಕ್ಕೆ ನೀವು ಏನಂತೀರಿ?” ಎಂದು ಕೇಳಿದೆ.

“ತೊಯ್ವು,” ಎಂದರು. ಹೇಳುವಾಗ ಹುಳಿ ಕಚ್ಚಿದವರಂತೆ ಮುಖ ಮಾಡಿದರು.

ಆ ಮುಖದ ಮೇಲೆ ನನಗೆ ಅನುಮಾನ ಬಂತು. ಪತ್ತೇದಾರಿ ಕೆಲಸದಲ್ಲಿ ವಾಸನೆ ಹಿಡಿಯುವುದು ನಾಯಿ ಮಾತ್ರ ಅಲ್ಲ. ಮುಂದಿನ ಪಾಠ ಓಣಿಯಲ್ಲಿ ಬೇಡ, ನಿಮ್ಮ ಕೆಲಸದ ಜಾಗಕ್ಕೆ ಬರುತ್ತೇನೆ ಎಂದೆ.

ಅವರು ದುಡಿಯುತ್ತಿದ್ದುದು ಹತ್ತು ನಿಮಿಷದ ದಾರಿಯ ಒಂದು ಸಣ್ಣ ಶೆಡ್ಡಿನಲ್ಲಿ. ಪವರ್‌ಲೂಮಿಗೆ ಬೇಕಾದ ಹಾಸನ್ನು ಸಿದ್ಧಮಾಡುವ ಕೆಲಸ, ಮೂವತ್ತು ವರ್ಷದಿಂದ ಅದೇ. ಬಟ್ಟೆಯಲ್ಲಿ ಉದ್ದುದ್ದ ಹೋಗುವ ಎಳೆಗಳೇ ಹಾಸು, ಅವರು ಅದನ್ನು ತಮಿಳಿನಂತೆ ‘ಪಾವು’ ಎನ್ನುತ್ತಾರೆ. ಒಂದು ಕಡೆ ಚೌಕಟ್ಟಿನಲ್ಲಿ ನಾನೂರು ನೂಲಿನ ಉಂಡೆಗಳು. ಅವುಗಳ ನಾನೂರು ಎಳೆಗಳೂ ಒಂದೇ ಬಿಗುವಿನಲ್ಲಿ ಬಂದು ದೊಡ್ಡ ಡ್ರಮ್ಮಿಗೆ ಸುತ್ತಿಕೊಳ್ಳಬೇಕು. ಒಂದೇ ಒಂದು ಎಳೆ ಸಡಿಲವಾದರೂ ಮಗ್ಗದಲ್ಲಿ ಅದು ಸಿಕ್ಕಿಬಿದ್ದು ಬಟ್ಟೆ ಕೆಡುತ್ತದೆ, ಪೂರಾ ಸುರುಳಿ ವಾಪಸ್ ಬರುತ್ತದೆ. ಸೌಡೇಶ್ವರಿ ಆ ಎಳೆಗಳ ಮೇಲೆ ಅಂಗೈಯನ್ನು ಹಗುರವಾಗಿ ತೇಲಿಸುತ್ತ ನಿಂತಿದ್ದರು. ಕಣ್ಣು ನನ್ನ ಮೇಲಿತ್ತು, ನನ್ನ ಜೊತೆ ಮಾತಾಡುತ್ತಲೇ ಇದ್ದರು. ನಡುವೆ ಬೆರಳು ತಾನಾಗಿ ಕೊಕ್ಕೆಯಾಗಿ, ನಾನೂರರಲ್ಲಿ ಒಂದನ್ನು ಹಿಡಿದು, ಎರಡಿಂಚು ಹಿಂದಕ್ಕೆ ಎಳೆದು ಬಿಟ್ಟಿತು.

ಆ ಎರಡಿಂಚನ್ನು ನಾನು ಓಣಿಯಲ್ಲಿ ಎರಡು ವಾರದಿಂದ ನೋಡುತ್ತಿದ್ದೆ, ಕಂಡಿರಲಿಲ್ಲ. ಲಾಳಿ ಪಾಪ ಹಿಂದೆ ಸರಿದು ಹಗ್ಗದಲ್ಲಿ ಬಾಗು ಮೂಡಿಸಿದಾಗಲೆಲ್ಲ ಇವರ ಕೈ ತಟ್ಟನೆ ಅದನ್ನು ಎಳೆದು ನೆಟ್ಟಗೆ ಮಾಡುತ್ತಿತ್ತು. ಆ ನಾಯಿಗೆ ಈ ಮನೆಯಲ್ಲಿ ಸಡಿಲ ಹಗ್ಗ ಎಂಬುದೇ ಒಂದು ದಿನವೂ ಸಿಕ್ಕಿರಲಿಲ್ಲ. ಬಿಗಿದ ಹಗ್ಗಕ್ಕೇ ನಡಿಗೆ ಎನ್ನುತ್ತಾರೆ ಎಂದು ಅದು ತಿಳಿದಿತ್ತು. ಮೂವತ್ತು ವರ್ಷ ತೊಯ್ವನ್ನು ಬೇಟೆಯಾಡಿದ ಕೈಗೆ ನಾನು ತೊಯ್ವು ಬಿಡು ಎಂದು ಗದರಿದ್ದೆ. ಪಿಯಾನೋ ನುಡಿಸುವವನಿಗೆ ಅಪಸ್ವರ ನುಡಿಸು ಎಂದ ಹಾಗೆ.

“ನಿಮ್ಮದೇನೂ ತಪ್ಪಿಲ್ಲಮ್ಮ. ತಪ್ಪು ನನ್ನದು,” ಎಂದೆ. ಅವರಿಗೆ ಅರ್ಥವಾಗಲಿಲ್ಲ. ವಿವರಿಸಿದೆ. ಅವರು ತಮ್ಮ ಅಂಗೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡರು.

“ತೊಯ್ವು ಕಂಡ್ರೆ ಕೈ ಸುಮ್ಕಿರಾದಿಲ್ಲ ಸಾರ್. ನಾನು ಏಳಿದ್ರೂ ಕೇಳಾದಿಲ್ಲ. ಏನ್ ಮಾಡ್ಲಿ?”

“ನಿಮ್ಮ ಕೆಲಸದಲ್ಲಿ ತೊಯ್ವು ಯಾವತ್ತೂ ಕೆಟ್ಟದ್ದೇನಾ? ಬೇಕು ಅಂತಲೇ ಬಿಡೋದು ಯಾವಾಗಲೂ ಇಲ್ಲವಾ?”

ಅವರು ಮೆಷಿನ್ ನಿಲ್ಲಿಸಿ ಹೇಳಿದರು. ಅವಿನಾಶಿ ಕಡೆಯ ಹಳ್ಳಿಯಲ್ಲಿ ಅವರ ತಂದೆ ಗುಂಡಿಮಗ್ಗದಲ್ಲಿ ನೆಯ್ಯುತ್ತಿದ್ದರಂತೆ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೆಯ್ಯುವ ಮಗ್ಗ ಅದು. ಹಾಸನ್ನು ಬಿಗಿಹಿಡಿಯುವ ಹಗ್ಗ ಸುತ್ತಿ ಬಂದು ನೇಕಾರನ ಬಲಗೈ ಪಕ್ಕದ ಗೂಟಕ್ಕೆ ಕಟ್ಟಿರುತ್ತದೆ. “ಬೆಳಕು ಇಳಿದ್ರೆ ಅಪ್ಪ ಆ ಹಗ್ಗ ಬಿಚ್ಚಿ ಒಂದು ಗೇಣು ಬುಡೋರು. ಬುಟ್ಟು, ‘ಆರ್ಲಿ’ ಅನ್ನೋರು. ರಾತ್ರೆಲ್ಲಾ ಬಿಗ್ದೇ ಇದ್ರೆ ಎಳೆ ಸತ್ತೋಗ್ತದೆ ಅಂತ. ದಿನಾ ಅನ್ನೋರು. ನಾನು ಚಿಕ್ಕೋಳಿದ್ದಾಗ ನಂಗೆ ಹಗ್ಗ ಕೊಟ್ಟು ಬುಡಾಕೆ ಏಳೋರು.”

ಆರ್ಲಿ. ಆರಲಿ. ದಣಿವಾರಲಿ ಎನ್ನುವಾಗಿನ ಆರಲಿ. ಅವರ ಕಡೆ ಗಾಯ ಮಾಯುವುದಕ್ಕೂ ಅದೇ ಮಾತು, ಬಿಸಿ ಇಳಿಯುವುದಕ್ಕೂ ಅದೇ, ದುಃಖಕ್ಕೂ ಅದೇ.

“ಆಗ ನಿಮ್ಮ ಕೈ ಹೇಗೆ ಬಿಡುತ್ತಿತ್ತು, ತೋರಿಸಿ,” ಎಂದು ನನ್ನ ಚೀಲದಲ್ಲಿದ್ದ ನಾಯಿಯ ಹಗ್ಗವನ್ನು ಡ್ರಮ್ಮಿನ ಕಾಲಿಗೆ ಕಟ್ಟಿ ಕೊಟ್ಟೆ. ಅವರು ಬಿಗಿಯಾಗಿ ಹಿಡಿದರು. ಕಣ್ಣು ಮುಚ್ಚಿ ಮೆಲ್ಲಗೆ “ಆರ್ಲಿ” ಎಂದರು. ಭುಜ ಇಳಿಯಿತು, ಮೊಣಕೈ ಇಳಿಯಿತು, ಮುಷ್ಟಿ ತೆರೆಯಿತು. ಹಗ್ಗದಲ್ಲಿ ಒಂದು ಗೇಣು ಬಾಗು. ಕೈ ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

ಮರುದಿನ ಆಡಿ ಹದಿನೆಂಟು. ಹೊಸ ನೀರಿಗೆ ಪೂಜೆ ಮಾಡುವ ಹಬ್ಬ, ಅವರಿಗೆ ರಜೆ. ಇಡೀ ದಿನ ಹಗ್ಗವನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಅಭ್ಯಾಸ ಮಾಡಿದರಂತೆ. ಲಾಳಿ ಎದುರಿಗೆ ಕೂತು, ಚಿಲಕಕ್ಕೆ ವಾಕಿಂಗ್ ಮಾಡಿಸುತ್ತಿದ್ದಾರೆ ಎಂದು ಬೇಜಾರಿನಿಂದ ನೋಡುತ್ತಿತ್ತಂತೆ. ಇದನ್ನು ಹೇಳುವಾಗ ಅವರು ನಕ್ಕರು. ಅವರು ನಕ್ಕಿದ್ದನ್ನು ಕಂಡದ್ದು ಅದೇ ಮೊದಲು.

ಆಮೇಲಿನ ಆರು ಪಾಠಗಳು ನನ್ನ ವೃತ್ತಿಜೀವನದ ಅತ್ಯಂತ ಒಳ್ಳೆಯ ಪಾಠಗಳು. ನಾಯಿಗೆ ನಾವು ಸಾಮಾನ್ಯವಾಗಿ ಆಜ್ಞೆ ಕಲಿಸುತ್ತೇವೆ. ಇಲ್ಲಿ ಆಜ್ಞೆ ಕೈಗೆ. ಹಗ್ಗ ಬಿಗಿಯಿತು, ನಿಂತರು, “ಆರ್ಲಿ”, ಕೈ ಇಳಿಯಿತು. ಮೂರನೆಯ ದಿನಕ್ಕೆ ಒಂದು ವಿಚಿತ್ರವಾಯಿತು. ಆ ಮಾತು ಕೇಳಿದ ಕೂಡಲೇ ಲಾಳಿ ನಿಂತು, ತಿರುಗಿ ಅವರ ಮುಖ ನೋಡತೊಡಗಿತು. ಎರಡೂವರೆ ವರ್ಷದಲ್ಲಿ ಅವರ ಕೈಯಲ್ಲಿ ಅದರ ಕತ್ತು ಹಗುರವಾದದ್ದು ಆ ಸದ್ದಿನ ಜೊತೆಗೆ ಮಾತ್ರ. ಪಾಠದ ನಡುವೆ ನಾವು ಹಾಳುಮೂಳು ಮಾತಾಡುತ್ತಿದ್ದೆವು. ಅವರು ಸೌದೆಗೆ ಏನನ್ನುತ್ತಾರೆ, ನಾವು ಏನನ್ನುತ್ತೇವೆ. ಅವರಿಗೆ ಗೊತ್ತಿಲ್ಲದ ಹತ್ತು ಮಾತು ನನಗೆ, ನನಗೆ ಮರೆತೇಹೋಗಿದ್ದ, ನನ್ನ ಅಜ್ಜಿ ಆಡುತ್ತಿದ್ದ ನಾಲ್ಕು ಮಾತು ಅವರಿಗೆ ಗೊತ್ತಿದ್ದವು. ಬಸ್ಸಿನಲ್ಲಿ ಹೋಗುವಾಗ ಇವತ್ತು ಏನು ಹೇಳಬೇಕೆಂದು ಮನಸ್ಸಿನಲ್ಲೇ ಕನ್ನಡದಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅರವತ್ತು ದಾಟಿದವನು ಪರೀಕ್ಷೆಗೆ ಹೋಗುವವನಂತೆ.

ಆಡಿಯ ಕೊನೆಯ ದಿನ ಬೆಳಿಗ್ಗೆ ಪೊನ್ನುಸ್ವಾಮಿಯನ್ನು ಕರೆದು, ನೀವೇ ನೋಡಿ ತೀರ್ಮಾನಿಸಿ ಎಂದೆ. ಮರಗದಂ ತಮ್ಮ ಮೆಟ್ಟಿಲ ಮೇಲೆ, ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಸೌಡೇಶ್ವರಿ ಲಾಳಿಯನ್ನು ಹಿಡಿದು ಓಣಿಯ ತುದಿಯ ಚಹಾದಂಗಡಿಯವರೆಗೆ ಹೋಗಿ ಬರಬೇಕು. ನಾನು ಬಾಯಿ ಹಾಕುವಂತಿಲ್ಲ. ಹೋಗುವಾಗ ಚೆನ್ನಾಗಿ ಹೋದರು. ತುಟಿ ಅಲುಗುತ್ತಿತ್ತು, ಏನೋ ಹೇಳುತ್ತಲೇ ಇದ್ದರು.

ಬರುವಾಗ ಗಾಳಿ ಎದ್ದಿತು. ಯಾರದೋ ತಾರಸಿಯ ಮೇಲಿಂದ ಒಂದು ಪ್ಲಾಸ್ಟಿಕ್ ಬಕೆಟ್ ಹಾರಿ ಬಂದು ಓಣಿಯ ಸಿಮೆಂಟಿನ ಮೇಲೆ ಲೊಟಲೊಟ ಉರುಳುತ್ತ ಮರಗದಂ ಅವರ ಮೆಟ್ಟಿಲಿನ ಕಡೆಗೇ ಹೊರಟಿತು. ಲಾಳಿ ನೆಗೆಯಿತು. ಆರು ಅಡಿ ಹಗ್ಗ ಒಂದೇ ಏಟಿಗೆ ಮುಗಿಯಿತು, ಸೌಡೇಶ್ವರಿಯವರ ತೋಳು ಉದ್ದಕ್ಕೆ ಚಾಚಿಕೊಂಡಿತು, ಮರಗದಂ ಕೂಗಿ ಕಾಲು ಮೇಲೆಳೆದುಕೊಂಡರು. ಸೌಡೇಶ್ವರಿಯವರ ಎಡಗೈ ಹಗ್ಗದ ಮೇಲೆ ಸರಕ್ಕನೆ ಬಂದುದನ್ನು ಕಂಡೆ. ಮೂವತ್ತು ವರ್ಷದ ಕೈ. ಎಳೆದರು, ಮುಗಿಯಿತು ಎಂದುಕೊಂಡೆ.

“ಆರ್ಲಿ,” ಎಂದರು.

ಜೋರಾಗಿ ಅಲ್ಲ. ಎಡಗೈ ಹಗ್ಗ ಬಿಟ್ಟು ಕೆಳಗಿಳಿಯಿತು. ಭುಜ ಇಳಿಯಿತು. ಹಗ್ಗದಲ್ಲಿ ಬಾಗು ಬಂತು. ಲಾಳಿ ನಾಲ್ಕೂ ಕಾಲೂರಿ ನಿಂತು, ನಡುಗುತ್ತ, ಬಕೆಟ್ಟಿನ ಕಡೆ ಒಮ್ಮೆ ನೋಡಿತು. ಆಮೇಲೆ ತಿರುಗಿ ಅವರ ಮುಖ ನೋಡಿತು. ಎರಡು ಹೆಜ್ಜೆ ಹಿಂದೆ ಬಂದು ಅವರ ಮೊಣಕಾಲಿಗೆ ಒರಗಿ ನಿಂತಿತು. ಬಕೆಟ್ಟು ಮೆಟ್ಟಿಲಿಗೆ ಬಡಿದು ಸುಮ್ಮನಾಯಿತು.

“ಅದೆನ್ನ ಮಂದಿರಂ?” ಎಂದು ಮರಗದಂ ಕೇಳಿದರು, ಅದೇನು ಮಂತ್ರ ಎಂದು.

“ಮಂದಿರಂ ಇಲ್ಲೀಂಗ. ಎಂಗ ವೀಟ್ಟು ವಾರ್ತೆ,” ಎಂದರು ಸೌಡೇಶ್ವರಿ. ಮಂತ್ರ ಅಲ್ಲ, ನಮ್ಮ ಮನೆಯ ಮಾತು. ಇಪ್ಪತ್ತು ವರ್ಷದಿಂದ ಆ ಓಣಿಯಲ್ಲಿದ್ದು ಅವರು ತಮಗೊಂದು ಮನೆಮಾತಿದೆ ಎಂದು ಬೀದಿಯಲ್ಲಿ ನಿಂತು ಹೇಳಿದ್ದು ಅದೇ ಮೊದಲಿರಬೇಕು.

ಪೊನ್ನುಸ್ವಾಮಿ ಅಕ್ಕನ ಮುಖ ನೋಡಿದರು. ಅಕ್ಕ ಮೊಣಕಾಲು ಸವರಿಕೊಂಡು ತಲೆಯಾಡಿಸಿದರು. “ಇರುಕ್ಕಟ್ಟುಂಗ,” ಎಂದರು ಪೊನ್ನುಸ್ವಾಮಿ. ಇರಲಿ ಬಿಡಿ. ಬಕೆಟ್ಟನ್ನು ಎತ್ತಿಕೊಂಡು ಯಾರದೆಂದು ಕೇಳುತ್ತ ಹೋದರು.

ಸೌಡೇಶ್ವರಿ ಕಾಫಿ ಕೊಟ್ಟರು. ಲಾಳಿ ನಮ್ಮಿಬ್ಬರ ನಡುವೆ ಮಲಗಿತ್ತು. ಕೆಲಸ ಮುಗಿದಿತ್ತು. ಲೋಟ ಕೆಳಗಿಟ್ಟಾಗ ಅವರು ಕೇಳಿದರು: “ಇನ್ನು ಬರಾದಿಲ್ವಾ ಸಾರ್?”

“ಅಗತ್ಯ ಬಿದ್ದರೆ ಫೋನ್ ಮಾಡಿ.”

“ಅಗತ್ಯ ಅಂದ್ರೆ?”

ಈಗ ಬರೆಯುವಾಗ ಆ ಪ್ರಶ್ನೆಗೆ ನೂರು ಉತ್ತರ ಹೊಳೆಯುತ್ತವೆ. ಆಗ ಬಾಯಿಗೆ ಬಂದದ್ದು ಡ್ಯೂಟಿಯ ಉತ್ತರ. “ಮತ್ತೆ ಎಳೆಯೋಕೆ ಶುರು ಮಾಡಿದರೆ,” ಎಂದೆ. ಅವರು “ಸರಿ ಸಾರ್” ಎಂದು ತಲೆಯಾಡಿಸಿದರು.

ಆ ಮಾತಿಗೆ ಅವರು ತಪ್ಪಲಿಲ್ಲ. ಲಾಳಿ ಮತ್ತೆ ಎಳೆಯಲಿಲ್ಲ, ಫೋನ್ ಬರಲಿಲ್ಲ. ದೀಪಾವಳಿ ಹೋಯಿತು, ಪೊಂಗಲ್ ಹೋಯಿತು. ಬೇರೆ ಗಿರಾಕಿಗಳು ಅದೇ ಜೋಕು ಹೇಳಿ ನಗಿಸಿದರು.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ಮೆಟ್ಟುಪಾಳ್ಯಂ ಕಡೆಯ ಬೇರೊಂದು ನಾಯಿಯ ಕೆಲಸಕ್ಕೆ ಹೋಗುತ್ತಿದ್ದೆ. ಬಸ್ಸು ಪೆರಿಯನಾಯಕನಪಾಳ್ಯಂನಲ್ಲಿ ನಿಂತಾಗ ಕಿಟಕಿಯಿಂದ ಅವರು ಕಂಡರು. ರಸ್ತೆಯ ಅಂಚಿನಲ್ಲಿ ಸೌಡೇಶ್ವರಿ, ಎಡಗಡೆ ಲಾಳಿ. ನಡುವೆ ಹಗ್ಗ ಚೆಂದವಾಗಿ ಜೋತುಬಿದ್ದಿತ್ತು. ಅವರ ತುಟಿ ಅಲುಗುತ್ತಿತ್ತು. ಲಾಳಿಯ ಒಂದು ಕಿವಿ ಅವರ ಕಡೆಗೆ ತಿರುಗಿತ್ತು. ಕೂಗಿದ್ದರೆ ಕೇಳಿಸುತ್ತಿತ್ತು, ಹದಿನೈದು ಅಡಿ ದೂರವೂ ಇರಲಿಲ್ಲ. ಕೂಗಲಿಲ್ಲ. ಅಷ್ಟು ಒಳ್ಳೆಯ ನಡಿಗೆಯನ್ನು ನಡುವೆ ಕೆಡಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸು ಹೊರಟಿತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಎಳೆಯುವ ನಾಯಿಯ ಹಗ್ಗದ ಇನ್ನೊಂದು ತುದಿಯಲ್ಲಿ ಸದಾ ಒಂದು ಕೈ ಇರುತ್ತದೆ, ಮೊದಲು ಆ ಕೈಯ ಕತೆ ಕೇಳಬೇಕು. ಮತ್ತೊಂದು, ಯಾವ ತರಬೇತಿಯ ಪುಸ್ತಕದಲ್ಲೂ ಇಲ್ಲದ್ದು: ಕೆಲಸ ಚೆನ್ನಾಗಿ ಮಾಡಿದವನನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಅವತ್ತು ಸಂಜೆ ಮನೆಗೆ ಬಂದು ಬೀಗ ತೆಗೆಯುವಾಗ ಬಲಗೈ ನೋಯುತ್ತಿತ್ತು. ನೋಡಿದರೆ, ವಾಪಸ್ ಬರುವ ದಾರಿಯುದ್ದಕ್ಕೂ ಫೋನನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಇದ್ದೆ. ಅಷ್ಟೇ ಏನು, ಆಡಿ ಮುಗಿದಾಗಿನಿಂದಲೂ ಅವರ ಕರೆಗೆಂದು ಹಿಡಿದಿದ್ದೆ. ಮೇಜಿನ ಮೇಲೆ ಸರೋಜಳ ಕುರ್ಚಿಯ ಎದುರಿಗೆ ಅದನ್ನು ಇಟ್ಟೆ. ಬೆರಳುಗಳು ಕೂಡಲೇ ಬಿಡಿಸಿಕೊಳ್ಳಲಿಲ್ಲ.

“ಆರ್ಲಿ,” ಎಂದೆ, ಗಟ್ಟಿಯಾಗಿಯೇ.

ಆ ಕೋಣೆಯಲ್ಲಿ ಎಷ್ಟೋ ಕಾಲದ ಮೇಲೆ ಕನ್ನಡ ಕೇಳಿಸಿತು. ಕೈ ಇಳಿಯಿತು. ಲಾಳಿಯಂತೆ ತಿರುಗಿ ಮುಖ ನೋಡಲು ಅಲ್ಲಿ ಯಾರೂ ಇರಲಿಲ್ಲ.